ಹಾವಿಗೆ ಎಷ್ಟು ದೊಡ್ಡ ಇಲಿ ಹಾಕ್ಬೇಕು? ಕ್ಲಿನಿಕ್ಕಿನ ತಕ್ಕಡಿ ಮುಂದೆ ಕಲಿತಿದ್ದು

ನಾನು ಕೆಲಸ ಮಾಡೋದು ಟೆಕ್ಸಾಸ್‌ನಲ್ಲಿ, ಒಂದು ಎಕ್ಸಾಟಿಕ್ ಪೆಟ್ ಕ್ಲಿನಿಕ್ಕಲ್ಲಿ ವೆಟ್ ಟೆಕ್, ಅಂದ್ರೆ ಪ್ರಾಣಿ ಡಾಕ್ಟ್ರ ಸಹಾಯಕಿ ಆಗಿ. ನಾಯಿ ಬೆಕ್ಕು ನಮ್ಮಲ್ಲಿಗೆ ಬರಲ್ಲ. ಗಿಳಿ, ಮೊಲ, ಆಮೆ, ಹಲ್ಲಿ ಜಾತಿಯವು, ಮತ್ತೆ ಹಾವು. ಊರಿಗೆ ಫೋನ್ ಮಾಡಿದ್ರೆ ನಮ್ಮತ್ತೆ ಈಗ್ಲೂ "ಅಲ್ಲ ಕಣೇ, ಹಾವಿಗೂ ಡಾಕ್ಟ್ರಾ?" ಅಂತ ನಗ್ತಾರೆ. ಹೌದು, ಹಾವಿಗೂ ಡಾಕ್ಟ್ರು, ಮತ್ತೆ ನಾನು ನೋಡೋ ಹಾವುಗಳಲ್ಲಿ ಎಷ್ಟೋ ಬರೋದು ಊಟದ ಎಡವಟ್ಟಿಂದಾನೇ. ಸಾಕೋರೆಲ್ಲ ಮೊದಲು ಕೇಳೋದು "ಎಷ್ಟು ದಿನಕ್ಕೊಂದ್ಸಲ ಹಾಕ್ಬೇಕು" ಅಂತ, "ಎಷ್ಟು ದೊಡ್ಡದು ಹಾಕ್ಬೇಕು" ಅಂತ ಕೇಳೋರು ಕಮ್ಮಿ, ಅದಕ್ಕೇ ಈ ಪೋಸ್ಟ್.

ಮೊದಲು ತಲೆಯಿಂದ ತೆಗೆದುಹಾಕ್ಬೇಕಾದ್ದು ಏನಂದ್ರೆ "ನುಂಗತ್ತೆ ಅಂದ್ರೆ ಸರಿಯಾದ ಸೈಜೇ" ಅನ್ನೋದು. ಹಾವಿನ ದವಡೆ ಕಳಚ್ಕೊಳ್ಳತ್ತೆ ಅಂತ ಎಲ್ರೂ ಹೇಳ್ತಾರೆ, ಹಾಗೇನಿಲ್ಲ. ಕೆಳದವಡೆಯ ಎಡ ಬಲ ಎರಡೂ ಮೂಳೆ ಗಲ್ಲದ ಹತ್ರ ನಮ್ ತರ ಕೂಡಿಕೊಂಡಿಲ್ಲ, ನಡುವೆ ಎಳೆದ್ರೆ ಹಿಗ್ಗೋ ನಾರು ಇರತ್ತೆ, ಹಿಂದುಗಡೆ ದವಡೆ ಸಿಕ್ಕಿಸಿರೋ ಮೂಳೆನೂ ಆಡತ್ತೆ, ಬಾಯಿ ತುಂಬ ಇಲಿ ಇದ್ದಾಗ ಉಸಿರಾಡೋಕೆ ಅಂತ ಶ್ವಾಸನಾಳದ ಬಾಯಿನೇ ಮುಂದಕ್ಕೆ ಬರತ್ತೆ. ಹಿಂಗಾಗಿ ತಲೆಗಿಂತ ಎಷ್ಟೋ ದಪ್ಪದ್ದನ್ನ ನುಂಗತ್ತೆ. ನುಂಗೋದು ಬಾಯಿ ಕೆಲಸ, ಅರಗಿಸೋದು ಹೊಟ್ಟೆ ಕೆಲಸ, ಎರಡಕ್ಕೂ ಲೆಕ್ಕ ಬೇರೆ. ಹಾಗಾಗಿ ತಲೆ ನೋಡಿ ಸೈಜ್ ಆರಿಸ್ಬಾರ್ದು, ಮೈಯಲ್ಲಿ ಎಲ್ಲಕ್ಕಿಂತ ದಪ್ಪ ಇರೋ ನಡುಭಾಗ ನೋಡ್ಬೇಕು. ಇಲಿ ಅಷ್ಟೇ ದಪ್ಪ ಇರ್ಲಿ, ಹೆಚ್ಚಂದ್ರೆ ಅದರ ಒಂದೂಕಾಲು ಪಟ್ಟು. ಒಂದೂವರೆ ಪಟ್ಟು ತನಕ ಹೋಗ್ಬಹುದು ಅನ್ನೋರೂ ಇದಾರೆ, ನಾನಂತೂ ಹೊಸಬರಿಗೆ ಅದನ್ನ ಹೇಳಲ್ಲ.

ಆದ್ರೆ ಕಣ್ಣಳತೆ ಕೈಕೊಡತ್ತೆ. ಇಲಿಗೆ ಕೂದಲಿರೋದ್ರಿಂದ ಒಣಗಿದಾಗ ಒಂದು ದಪ್ಪ, ಒದ್ದೆಯಾದಾಗ ಇನ್ನೊಂದು ದಪ್ಪ ಕಾಣತ್ತೆ. ಇನ್ನು ಅಂಗಡಿ ಹೆಸರುಗಳು. ಇಲ್ಲಿ ಹಾವಿನ ಊಟ ಅಂದ್ರೆ ಫ್ರೀಜ್ ಮಾಡಿರೋ ಇಲಿ, ಪ್ಯಾಕೆಟ್ಟಲ್ಲಿ ಬರತ್ತೆ. ಮೌಸ್, ಅಂದ್ರೆ ಸುಂಡಿಲಿಯಲ್ಲಿ ಆಗಷ್ಟೇ ಹುಟ್ಟಿದ ಕೂದಲಿಲ್ಲದ ಗುಲಾಬಿ ಮರಿ ಪಿಂಕಿ, ನವಿರಾಗಿ ಕೂದಲು ಬಂದ್ರೆ ಫಜ್ಜಿ, ಕಣ್ಣು ಬಿಟ್ಟು ನೆಗೆಯೋ ಹೊತ್ತಿಗೆ ಹಾಪರ್, ಆಮೇಲೆ ಹಾಲು ಬಿಟ್ಟ ವೀನ್ಡ್, ಅಡಲ್ಟ್, ಜಂಬೋ. ರ‍್ಯಾಟ್‌, ಅಂದ್ರೆ ದೊಡ್ಡ ಜಾತಿ ಇಲಿಗೂ ಇದೇ ತರ, ಪಿಂಕಿಯಿಂದ ಶುರುವಾಗಿ ಪಪ್, ವೀನ್ಡ್, ಸ್ಮಾಲ್, ಮೀಡಿಯಂ, ಲಾರ್ಜ್ ತನಕ. ಹೆಸರು ಎಲ್ಲಾ ಕಡೆ ಒಂದೇ, ತೂಕ ಮಾತ್ರ ಒಂದೊಂದು ಕಂಪನಿದು ಒಂದೊಂದು ತರ. ಒಂದೇ "ಸ್ಮಾಲ್ ರ‍್ಯಾಟ್" ಅನ್ನೋ ಲೇಬಲ್ ಕೆಳಗೆ 50 ಗ್ರಾಮಿನದ್ದೂ ಸಿಗತ್ತೆ, 85 ಗ್ರಾಮಿನದ್ದೂ ಸಿಗತ್ತೆ. ಬ್ರ್ಯಾಂಡ್ ಬದಲಾಯಿಸಿದವರು "ನಾನು ಹಾಕ್ತಿದ್ದ ಸೈಜೇ ಹಾಕಿದ್ದು ಮೇಡಂ" ಅಂತಾರೆ, ಅವರು ಸುಳ್ಳು ಹೇಳ್ತಿಲ್ಲ, ಲೇಬಲ್ ಓದಿ ಹೇಳ್ತಿದಾರೆ ಅಷ್ಟೆ. ಅದಕ್ಕೆ ನಮ್ಮ ಕ್ಲಿನಿಕ್ಕಲ್ಲಿ ಮೊದಲು ಕೊಡೋ ಸಲಹೆನೇ ಅಡುಗೆಮನೇಲಿ ಇಡೋ ಡಿಜಿಟಲ್ ತಕ್ಕಡಿ ಒಂದು ತಗೊಳ್ಳಿ ಅಂತ, ಹಾವಿಗೇ ಬೇರೆ, ದಯವಿಟ್ಟು ಅಡುಗೆಗೆ ಬಳಸೋದನ್ನೇ ತರ್ಬೇಡಿ, ಸಾಲ್ಮೊನೆಲ್ಲಾ ಅನ್ನೋ ಹೊಟ್ಟೆ ಕೆಡಿಸೋ ಬ್ಯಾಕ್ಟೀರಿಯಾ ಒಂದಿದೆ. ಮುಚ್ಚಳ ಇರೋ ಡಬ್ಬಿ ಇಟ್ಟು ತಕ್ಕಡಿ ಸೊನ್ನೆ ಮಾಡಿ, ಒಳಗೆ ಹಾವು ಬಿಟ್ಟು ತೂಗಿ. ಇಲಿನೂ ತೂಗಿ.

ತೂಕ ಸಿಕ್ಕಿದ ಮೇಲೆ ಲೆಕ್ಕ ಸುಲಭ. ಇಲ್ಲಿ ಅತಿ ಹೆಚ್ಚು ಸಾಕೋ ಹಾವುಗಳಲ್ಲಿ ಒಂದು ಬಾಲ್ ಪೈಥಾನ್, ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ್ದು, ಹೆದರಿದ್ರೆ ಚೆಂಡಿನ ತರ ಸುತ್ಕೊಂಡು ಮಲಗೋ ಪಾಪದ ಹಾವು. ಮರಿ ಇದ್ದಾಗ, ಅಂದ್ರೆ ಸುಮಾರು 500 ಗ್ರಾಮ್ ಆಗೋ ತನಕ, ಮೈತೂಕದ 10ರಿಂದ 15 ಪರ್ಸೆಂಟ್ ತೂಕದ ಇಲಿ ವಾರಕ್ಕೊಂದ್ಸಲ ಅಥವಾ ಹತ್ತು ದಿನಕ್ಕೊಂದ್ಸಲ. ಅಲ್ಲಿಂದ ಕಿಲೋ ಮುಟ್ಟೋ ತನಕ 7ರಿಂದ 10 ಪರ್ಸೆಂಟ್, ಎರಡು ವಾರದ ಹತ್ರ ಹತ್ರ. ಒಂದೂವರೆ ಕಿಲೋ ದಾಟಿ ಬೆಳವಣಿಗೆ ನಿಂತ ಮೇಲೆ 5 ಪರ್ಸೆಂಟ್ ಸಾಕೋ ಸಾಕು, ಮೂರು ನಾಲ್ಕು ವಾರಕ್ಕೊಂದ್ಸಲ. ಹಾವು ದೊಡ್ಡದಾದಷ್ಟೂ ಇಲಿನೂ ದೊಡ್ಡದು ಮಾಡ್ತಾ ಹೋಗ್ಬೇಕು ಅಂತ ಜನ ತಿಳ್ಕೊಂಡಿರೋದು ಇಲ್ಲೇ ತಪ್ಪೋದು, ಪರ್ಸೆಂಟ್ ಇಳೀತಾ ಹೋಗತ್ತೆ, ದಿನ ಹೆಚ್ತಾ ಹೋಗತ್ತೆ. ಹಂಗಂತ ಪರ್ಸೆಂಟನ್ನೇ ದೇವರು ಅಂತ ಹಿಡ್ಕೊಂಡ್ರೂ ಕಷ್ಟ. ಕಾರ್ನ್ ಸ್ನೇಕ್ ಅಂತ ಇಲ್ಲಿ ಸಾಕೋ ಇನ್ನೊಂದು ವಿಷವಿಲ್ಲದ ತೆಳ್ಳನೆ ಹಾವಿದೆ, ಅದರ ಮರಿ ಮೊಟ್ಟೆಯಿಂದ ಬಂದಾಗ 6, 7 ಗ್ರಾಮ್ ಇರತ್ತೆ, ಅತಿ ಸಣ್ಣ ಪಿಂಕಿನೇ ಒಂದೂವರೆ ಎರಡು ಗ್ರಾಮ್, ಅಲ್ಲಿಗೆ 25 ಪರ್ಸೆಂಟ್ ಆಗೋಯ್ತು! ಆದ್ರೂ ಅದಕ್ಕೆ ಅದು ಸರಿ, ಯಾಕಂದ್ರೆ ಪಿಂಕಿಯಲ್ಲಿ ಬಹುಪಾಲು ನೀರೇ, ಮೂಳೆ ಇನ್ನೂ ಮೆತ್ತಗೆ, ಕೂದಲಿಲ್ಲ, ಬೇಗ ಅರಗತ್ತೆ. ಅದೇ ತೂಕದ ಲೆಕ್ಕಾಚಾರದಲ್ಲಿ ದೊಡ್ಡ ಹಾವಿಗೆ ಕೂದಲು ಮೂಳೆ ಕೊಬ್ಬು ತುಂಬಿರೋ ಬೆಳೆದ ರ‍್ಯಾಟ್ 25 ಪರ್ಸೆಂಟ್ ಹಾಕಿದ್ರೆ ಕಥೆ ಬೇರೆ.

ಕಾರ್ನ್ ಸ್ನೇಕ್ ಅಂದಾಗ ನೆನಪಾಯ್ತು. ಕಾಲೇಜ್ ಹುಡುಗನೊಬ್ಬ 20 ಗ್ರಾಮ್ ಇದ್ದ ಮರಿ ತಂದಿದ್ದ, ಎರಡು ಸಲ ತಿಂದಿದ್ದನ್ನ ವಾಪಸ್ ಕಕ್ಕಿದೆ ಅಂತ. ಅವನು ಹಾಕಿದ್ದು ಹಾಪರ್, ಸುಮಾರು 9 ಗ್ರಾಮಿನದ್ದು. ಅದರ ಜೊತೆಗೆ ರೂಮಲ್ಲಿ ಇಪ್ಪತ್ನಾಲ್ಕು ಗಂಟೆ ಏಸಿ, ಕೆಳಗೆ ಹೀಟ್ ಮ್ಯಾಟ್ ಇದೆ, ಆದ್ರೆ ಅದರ ಬಿಸಿ ಅಳೆಯೋ ಥರ್ಮೋಸ್ಟಾಟ್ ಪ್ರೋಬ್ ಎಲ್ಲೋ ಬಿದ್ದಿತ್ತು. ಹಾವಿಗೆ ಮೈ ಬಿಸಿ ಹೊರಗಿಂದ ಬರ್ಬೇಕು, ಬಿಸಿ ಇಲ್ದಿದ್ರೆ ಹೊಟ್ಟೆಯಲ್ಲಿರೋ ಇಲಿ ಅರಗೋಕ್ಕಿಂತ ಮುಂಚೆ ಕೊಳೆಯೋಕೆ ಶುರುವಾಗತ್ತೆ, ಆಗ ಅದನ್ನ ಹೊರಗೆ ಹಾಕದೆ ಬೇರೆ ದಾರಿ ಇಲ್ಲ. ಅಂದ್ರೆ ಇಲಿಯ ಸರಿಯಾದ ಸೈಜ್ ಅನ್ನೋದು ಇಲಿ ಒಂದರಲ್ಲೇ ಇಲ್ಲ, ಗೂಡಿನ ಟೆಂಪರೇಚರಲ್ಲೂ ಇದೆ. ಕಾರ್ನ್ ಸ್ನೇಕ್‌ಗೆ ಬಿಸಿ ಕಡೆ 29ರಿಂದ 31 ಡಿಗ್ರಿ ಸೆಲ್ಸಿಯಸ್ ಬೇಕು, ಬಾಲ್ ಪೈಥಾನ್‌ಗೆ 31ರಿಂದ 33. ಆ ಹುಡುಗನಿಗೆ ಡಾಕ್ಟ್ರು ಹೇಳಿದ್ದು ಇಷ್ಟೇ: ಹತ್ತರಿಂದ ಹದಿನಾಲ್ಕು ದಿನ ಏನೂ ಹಾಕ್ಬೇಡ, ನೀರಿಡು, ಮುಟ್ಬೇಡ, ಆಮೇಲೆ ಒಂದೇ ಒಂದು ಪಿಂಕಿ. ಕಕ್ಕಿದಾಗ ಹೊಟ್ಟೆಯ ಆಸಿಡ್ ಅನ್ನನಾಳ ಸುಟ್ಟಿರತ್ತೆ, ಅದು ಮಾಯೋಕೆ ಟೈಮ್ ಬೇಕು. "ಪಾಪ, ಹೊಟ್ಟೆ ಖಾಲಿ ಆಯ್ತಲ್ಲ" ಅಂತ ಮಾರನೇ ದಿನಾನೇ ಇನ್ನೊಂದು ಹಾಕೋರು ಮರಿನ ಕಳ್ಕೊಳ್ತಾರೆ. ಸೈಜೂ ಬಿಸಿನೂ ಸರಿ ಮಾಡಿದ ಮೇಲೂ ಕಕ್ಕೋದು ನಿಲ್ಲದಿದ್ರೆ ಆಗ ಹಿಕ್ಕೆ ಟೆಸ್ಟ್, ಕ್ರಿಪ್ಟೋಸ್ಪೋರಿಡಿಯಂ ಅನ್ನೋ ಪರಾವಲಂಬಿ ಇದ್ರೆ ಹಾವಿನ ಹೊಟ್ಟೆ ಗೋಡೆನೇ ದಪ್ಪಗಾಗಿಬಿಡತ್ತೆ, ಅದು ಬೇರೆ ತಲೆನೋವು.

ಒಂದು ಊಟ ಹಾವಿನ ಮೈಗೆ ಎಷ್ಟು ದೊಡ್ಡ ಕೆಲಸ ಅಂತ ನಂಗೆ ಸರಿಯಾಗಿ ಅರ್ಥ ಆಗಿದ್ದು ಬರ್ಮೀಸ್ ಪೈಥಾನ್ ಮೇಲಿನ ಸಂಶೋಧನೆ ಬಗ್ಗೆ ನಮ್ಮ ಡಾಕ್ಟ್ರು ಹೇಳಿದ ಮೇಲೆ. ತಿಂಗಳಾನುಗಟ್ಟಲೆ ಉಪವಾಸ ಇರೋ ಹಾವು ಕರುಳನ್ನೆಲ್ಲ ಕುಗ್ಗಿಸಿ ಇಟ್ಕೊಂಡಿರತ್ತೆ, ಊಟ ಒಳಗೆ ಹೋಗಿದ್ದೇ ತಡ ಸಣ್ಣಕರುಳಿನ ತೂಕ ಹೆಚ್ಚುಕಮ್ಮಿ ದುಪ್ಪಟ್ಟಾಗತ್ತೆ, ಲಿವರ್ ಕಿಡ್ನಿ ಹಿಗ್ಗತ್ತೆ. 2005ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದಿದ್ದ ಪ್ರಕಾರ ಹೃದಯದ ಸ್ನಾಯು 48 ಗಂಟೆಯೊಳಗೆ 40 ಪರ್ಸೆಂಟ್ ಬೆಳೆದಿತ್ತು. ಇಷ್ಟೆಲ್ಲ ಮಾಡಿ ಮುಗಿಸಿ ಮತ್ತೆ ಕುಗ್ಗೋಕೆ ಮುಂಚೆನೇ ಇನ್ನೊಂದು ದೊಡ್ಡ ಇಲಿ ಹಾಕಿದ್ರೆ? ತಿನ್ನತ್ತೆ, ಅದೇ ಪ್ರಾಬ್ಲಮ್. ಕಾಡಲ್ಲಿ ಮುಂದಿನ ಊಟ ಯಾವಾಗ ಅಂತ ಗೊತ್ತಿರಲ್ಲ, ಸಿಕ್ಕಾಗ ತಿನ್ನೋದೇ ಅದರ ಬುದ್ಧಿ.

ನಮ್ಮಲ್ಲಿಗೆ ಬರೋ ಒಂದು ಹೆಣ್ಣು ಬಾಲ್ ಪೈಥಾನ್, 2,400 ಗ್ರಾಮ್. ಯಜಮಾನಿ ವಾರ ವಾರ 220 ಗ್ರಾಮಿನ ರ‍್ಯಾಟ್ ಹಾಕ್ತಿದ್ರು, "ಯಾವತ್ತೂ ಬೇಡ ಅಂದಿಲ್ಲ" ಅಂತ ಖುಷಿಯಿಂದ ಹೇಳೋರು. ಮದುವೆ ಮನೇಲಿ ಎಲೆ ಖಾಲಿ ಕಂಡ್ರೆ ಸಾಕು ಹೋಳಿಗೆ ಬಡಿಸೋ ದೊಡ್ಡಮ್ಮನ ಪ್ರೀತಿನೇ ಇದು, ಬಯ್ಯೋಕೂ ಆಗಲ್ಲ. ಹಾವನ್ನ ಉದ್ದಕ್ಕೆ ಬಿಟ್ರೆ ಹುರುಪೆ ಹುರುಪೆ ನಡುವೆ ಚರ್ಮ ಕಾಣೋದು, ಬಾಗಿದ ಕಡೆ ಮಡಿಕೆ ಬೀಳೋದು, ಬಾಲ ಶುರುವಾಗೋ ಜಾಗದಲ್ಲಿ ಎರಡೂ ಕಡೆ ಕೊಬ್ಬು ಉಬ್ಬಿತ್ತು. ಒಳಗೆ ಲಿವರ್‌ಗೂ ಕೊಬ್ಬು ಕೂರತ್ತೆ, ಅದು ಕಣ್ಣಿಗೆ ಕಾಣಲ್ಲ. ಇಂಥ ಹಾವಿಗೆ 5 ಪರ್ಸೆಂಟ್ ಲೆಕ್ಕ ಹಾಕುವಾಗ ಈಗಿರೋ ತೂಕಕ್ಕೆ ಹಾಕ್ಬಾರ್ದು, ಇರ್ಬೇಕಾದ ತೂಕಕ್ಕೆ ಹಾಕ್ಬೇಕು. ಅದಕ್ಕೆ ಡಾಕ್ಟ್ರು ಅಂದಾಜು ಮಾಡಿದ್ದು 1,800, ಹಾಗಾಗಿ 90 ಗ್ರಾಮಿನದ್ದು, ಮೂರು ವಾರಕ್ಕೊಂದು. ತೆಳ್ಳಗಿರೋ ಹಾವಿನ ಗುರುತು ಇದಕ್ಕೆ ಉಲ್ಟಾ, ಬೆನ್ನುಮೂಳೆ ಏಣಿನ ತರ ಎದ್ದು ಕಾಣತ್ತೆ, ಪಕ್ಕೆ ಒಳಗೆ ಹೋಗಿರತ್ತೆ. ಸರಿಯಾಗಿರೋ ಊಟ ಆದ್ರೆ ತಿಂದ ಮೇಲೆ ಹೊಟ್ಟೆ ಹತ್ರ ಸಣ್ಣ ಉಬ್ಬು ಕಾಣಿಸಿ ಒಂದೆರಡು ದಿನದಲ್ಲಿ ಇಳಿದು ಹೋಗತ್ತೆ. ಉಬ್ಬಿದ ಕಡೆ ಚರ್ಮ ಬಿಗಿದುಕೊಂಡು ಸುತ್ತಿ ಮಲಗೋಕೇ ಒದ್ದಾಡ್ತಿದ್ರೆ ಮುಂದಿನ ಸಲ ಒಂದು ಸೈಜ್ ಇಳಿಸಿ.

ಎಲ್ಲಾ ಹಾವಿಗೂ ಇದೇ ಲೆಕ್ಕ ಅಲ್ಲ. ಬೋವಾ ಅನ್ನೋ ಹೆಬ್ಬಾವಿನ ತರದ ಹಾವುಗಳು ಅರಗಿಸೋದು ನಿಧಾನ, ಮರಿ ಬೋವಾಗೆ ಇನ್ನೂ ಸಣ್ಣದು, ಇನ್ನೂ ತಡವಾಗಿ. ಆಫ್ರಿಕಾದ ಮೊಟ್ಟೆ ತಿನ್ನೋ ಹಾವಿಗೆ ಇಲಿನೇ ಬೇಡ, ಹಕ್ಕಿ ಮೊಟ್ಟೆ ಇಡಿಯಾಗಿ ನುಂಗಿ, ಬೆನ್ನುಮೂಳೆಯಿಂದ ಒಳಕ್ಕೆ ಚಾಚಿರೋ ಮುಳ್ಳಿಂದ ಒಡೆದು, ಚಿಪ್ಪು ಉಗುಳತ್ತೆ, ಅದರ ಮರಿಗೆ ಕ್ವೇಲ್ ಮೊಟ್ಟೆನೂ ದೊಡ್ಡದಾಗಿ ಫಿಂಚ್ ಹಕ್ಕಿ ಮೊಟ್ಟೆ ಹುಡುಕ್ಕೊಂಡು ಅಲೆಯೋ ಗಿರಾಕಿಗಳಿದಾರೆ.

ಇಂಥದ್ದೆಲ್ಲ ಬರೆದ್ರೆ ಊರಿಂದ ಹುಡುಗರ ಮೆಸೇಜ್ ಬರತ್ತೆ, "ಅಕ್ಕಾ, ನಾನೂ ಒಂದು ಸಾಕ್ಲಾ" ಅಂತ. ತೋಟದಲ್ಲಿ ಸಿಕ್ಕಿದ ಕೇರೆ ಹಾವು, ನಾಗರ, ಹೆಬ್ಬಾವು ಯಾವುದನ್ನೂ ಮನೇಲಿ ಇಟ್ಕೊಳ್ಳಂಗಿಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ, ಜೈಲಿಗೆ ಹೋಗೋ ಕೇಸು. ಬಾಲ್ ಪೈಥಾನ್‌ನಂಥ ಹೊರದೇಶದ್ದಕ್ಕೆ 2022ರ ತಿದ್ದುಪಡಿ ಆದ್ಮೇಲೆ ಸರ್ಕಾರದಲ್ಲಿ ರಿಜಿಸ್ಟರ್ ಮಾಡಿಸ್ಬೇಕು. 2023ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ಏರ್‌ಪೋರ್ಟಲ್ಲಿ ಬ್ಯಾಂಕಾಕ್‌ನಿಂದ ಬಂದ ಬ್ಯಾಗಲ್ಲಿ 55 ಬಾಲ್ ಪೈಥಾನ್ ಸಿಕ್ಕಿದ್ವಲ್ಲ, ಪೇಪರ್ ಇಲ್ದೆ ಮಾರೋ ಹಾವು ಎಲ್ಲಿಂದ ಬರತ್ತೆ ಅಂತ ಅದರಲ್ಲೇ ಗೊತ್ತಾಗತ್ತೆ. ಇಲ್ಲಿ ಸಾಕೋರಿಗೆ ಮಾತ್ರ ನಾನು ಹೇಳ್ತಿರೋದು.

ಇಲಿ ಕರಗಿಸೋದು ಬೇಗ ಹೇಳ್ಬಿಡ್ತೀನಿ. ರಾತ್ರಿ ಫ್ರಿಡ್ಜಲ್ಲಿಟ್ಟು, ಹಾಕೋ ಮುಂಚೆ ಜಿಪ್ ಕವರಲ್ಲಿ ಹಾಕಿ ಬಿಸಿನೀರಲ್ಲಿ ಮುಳುಗಿಸಿ, ಮುಟ್ಟಿದ್ರೆ ಬೆಚ್ಚಗೆ, ಸುಮಾರು 38 ಡಿಗ್ರಿ. ಮೈಕ್ರೋವೇವ್ ಬೇಡ, ಹೊರಗೆ ಬೆಂದು ಒಳಗೆ ಐಸ್ ಇರತ್ತೆ, ಕೆಲವೊಮ್ಮೆ ಒಡೆದೂ ಹೋಗತ್ತೆ, ಆ ಮೈಕ್ರೋವೇವ್ ಆಮೇಲೆ ಯಾರು ಬಳಸ್ತಾರೆ ಹೇಳಿ. ಜೀವಂತ ಇಲಿನೂ ಬೇಡ, ಹಸಿವಿಲ್ಲದ ಹಾವಿನ ಗೂಡಲ್ಲಿ ರಾತ್ರಿಯಿಡೀ ಬಿಟ್ಟ ರ‍್ಯಾಟ್ ಹಾವಿನ ಬೆನ್ನನ್ನ ಮೂಳೆ ಕಾಣೋ ತನಕ ಕಡಿದಿರೋದನ್ನ ನಾವು ಹೊಲಿಗೆ ಹಾಕಿದೀವಿ. ತಿಂದ ಮೇಲೆ ಎರಡು ದಿನ ಹಾವನ್ನ ಎತ್ತಬಾರ್ದು.

ಇನ್ನೊಂದು, ಸೈಜ್ ಇಳಿಸಿದ ವಾರದಲ್ಲೇ ಫೋನ್ ಬರೋಕೆ ಶುರುವಾಗತ್ತೆ. ಆ ಹೆಣ್ಣು ಹಾವಿನ ಯಜಮಾನಿದೂ ಬಂತು, "ರಾತ್ರಿ ಹೊತ್ತು ಗಾಜಿಗೆ ಮೂತಿ ಇಟ್ಕೊಂಡು ಓಡಾಡ್ತಿದೆ, ಹಸಿವು ಅನ್ಸತ್ತೆ, ಇನ್ನೊಂದು ಹಾಕ್ಲಾ?" ಅಂತ. ಹಸಿವಿರ್ಬಹುದು, ಆದ್ರೆ ಅದೇನು ತೊಂದರೆ ಅಲ್ಲ, ಓಡಾಡ್ಲಿ ಬಿಡಿ, ಹತ್ತೋಕೆ ಒಂದು ಗಟ್ಟಿ ಕೊಂಬೆ ಇಡಿ ಅಂದೆ. ಬಾಲ್ ಪೈಥಾನ್ ಇದಕ್ಕೆ ಉಲ್ಟಾನೂ ಮಾಡತ್ತೆ, ಚಳಿಗಾಲದಲ್ಲಿ ಗಂಡುಗಳು ತಿಂಗಳುಗಟ್ಟಲೆ ಏನೂ ತಿನ್ನದೆ ಕೂರ್ತವೆ, ಆಗ ಯಜಮಾನರು ಗಾಬರಿಯಾಗಿ ದೊಡ್ಡ ಇಲಿ, ಬೇರೆ ಇಲಿ, ದಿನಕ್ಕೊಂದು ಇಲಿ ಅಂತ ತೋರಿಸ್ತಾ ಇನ್ನೂ ಹೆದರಿಸ್ತಾರೆ. ಎರಡಕ್ಕೂ ನಾವು ಕೇಳೋದು ತೂಕದ ಚೀಟಿ. ಬರೆದಿಟ್ಟ ತೂಕದಲ್ಲಿ 10 ಪರ್ಸೆಂಟ್‌ಗಿಂತ ಹೆಚ್ಚು ಇಳಿದಿದ್ರೆ, ಅದೂ ಡಯಟ್ ಮೇಲೆ ಇಲ್ಲದ ಹಾವು, ಅಥವಾ ಬಾಯಲ್ಲಿ ಲೋಳೆ, ಉಸಿರಲ್ಲಿ ಸಿಳ್ಳೆ ಸದ್ದು ಇದ್ರೆ ಅವತ್ತೇ ಕರ್ಕೊಂಡು ಬನ್ನಿ. ತೂಕ ನಿಂತಲ್ಲೇ ನಿಂತಿದ್ರೆ ನೀರು ಬದಲಾಯಿಸಿ, ಬಿಸಿ ಚೆಕ್ ಮಾಡಿ, ಎರಡು ವಾರ ಬಿಟ್ಟು ಮೊದಲಿಗಿಂತ ಸಣ್ಣ ಇಲಿಯೊಂದನ್ನ ರಾತ್ರಿ ದೀಪ ಆರಿಸಿದ ಮೇಲೆ ಇಟ್ಟು ನೋಡಿ.