ಮೋಸದ ತೂಕ

ಮನೆಗೆ ಬರುತ್ತಿದ್ದ ಫಿಸಿಯೋ ಹುಡುಗಿ ಮೊದಲ ದಿನ ಕೇಳಿದ್ದು ಇಷ್ಟೇ. "ಅಂಕಲ್, ನಿಮಗೆ ಮುಖ್ಯವಾಗಿ ಏನು ಮಾಡೋಕೆ ಬರಬೇಕು?" ನಡೆಯಬೇಕು ಅಂತಾರೆ ಅಂದುಕೊಂಡೆ. ಅಪ್ಪ, "ಪಂಚೆ ನಾನೇ ಉಟ್ಕೋಬೇಕಮ್ಮ" ಅಂದರು. ಸ್ಟ್ರೋಕ್ ಆದಾಗಿನಿಂದ ಅವರಿಗೆ ಎಲಾಸ್ಟಿಕ್ ಪ್ಯಾಂಟೇ ಗತಿಯಾಗಿತ್ತು.

ನನಗೆ ಅದು ಸಣ್ಣ ಆಸೆ ಅನ್ನಿಸಿತು. ಅಲ್ಲ. ಪಂಚೆ ಉಡಬೇಕಾದರೆ ಎರಡೂ ಕೈ ಬಿಟ್ಟು ನಿಲ್ಲಬೇಕು, ಅಂಚು ಎಳೆಯುವಾಗ ಮೈ ಅತ್ತಿತ್ತ ವಾಲುತ್ತದೆ. ಅಪ್ಪನ ಎಡಗಾಲಿಗೆ ಬಲ ಬಂದಿತ್ತು, ಮಲಗಿದ್ದಾಗ ಚೆನ್ನಾಗಿಯೇ ಎತ್ತುತ್ತಿದ್ದರು. ನಿಂತರೆ ಮಾತ್ರ ಅದನ್ನು ನಂಬುತ್ತಿರಲಿಲ್ಲ.

ಹುಡುಗಿ ಪಕ್ಕದ ಮನೆಯಿಂದ ಇನ್ನೊಂದು ತೂಕದ ಮಷೀನ್ ತರಿಸಿದಳು. ಒಂದೊಂದರ ಮೇಲೆ ಒಂದೊಂದು ಕಾಲು. ಬಲಗಡೆ 49 ಕೆ.ಜಿ., ಎಡಗಡೆ 21. ಮೂವತ್ತು ವರ್ಷ ದಿನಸಿ ಅಂಗಡಿ ನಡೆಸಿದ ಮನುಷ್ಯ ಬಗ್ಗಿ ನೋಡಿ, "ಥೂ, ಇದು ಮೋಸದ ತೂಕ" ಅಂದರು. ನಾನು ಎಷ್ಟು ಹೇಳಿದ್ದರೂ ತಲೆಗೆ ಹೋಗದ ವಿಷಯ ಎರಡು ಅಂಕಿಯಲ್ಲಿ ಹೋಯಿತು.

ಆಮೇಲೆ ದಿನಾ ಬೆಳಿಗ್ಗೆ, ಸಂಜೆ ಅದೇ ಕೆಲಸ. ಕುರ್ಚಿಯಿಂದ ಹತ್ತು ಸಲ ಏಳುವುದು, ಅದೂ ಎಡಗಾಲನ್ನು ಸ್ವಲ್ಪ ಹಿಂದಿಟ್ಟು. ಹಾಗಿಟ್ಟರೆ ಭಾರ ಅದರ ಮೇಲೆ ಬಿದ್ದೇ ಬೀಳುತ್ತದೆ, ತಪ್ಪಿಸಿಕೊಳ್ಳುವ ಹಾಗಿಲ್ಲ. ಮೊದಮೊದಲು ಕುರ್ಚಿ ಮೇಲೆ ಕಂಬಳಿ ಮಡಿಸಿ ಹಾಕಿ ಎತ್ತರ ಮಾಡಿದ್ದೆವು, ವಾರಕ್ಕೊಂದು ಮಡಿಕೆ ತೆಗೆದೆವು. ಗೋಡೆಯ ಮೂಲೆಗೆ ಬೆನ್ನು ಕೊಟ್ಟು ನಿಲ್ಲಿಸಿ, ಎಡಗಡೆ ನಾನು ಡಬ್ಬ ಹಿಡಿದು ನಿಲ್ಲುತ್ತಿದ್ದೆ. ಅವರು ಕೈ ಚಾಚಿ ತೆಗೆದುಕೊಳ್ಳಬೇಕು. "ತೊಗರಿ ಬೇಳೆ ಅರ್ಧ ಕೆ.ಜಿ." ಅಂತ ನಾನು ಗಿರಾಕಿಯಾದ ದಿನ ಹದಿನೈದು ಸಲ ಮಾಡಿದರು, ಸುಸ್ತು ಅನ್ನಲಿಲ್ಲ. ನೋಡಲು ಬಂದ ನೆಂಟರು ಮಾತ್ರ "ಪಾಪ, ಯಾಕಿಷ್ಟು ಗೋಳುಹೊಯ್ಕೊಳ್ತೀರಿ, ಎಣ್ಣೆ ತಿಕ್ಕಿ ಮಲಗಿಸಿ" ಅಂದು ಕಾಫಿ ಕುಡಿದು ಹೋದರು.

ಒಂದು ಸಲ ನಾನು ಫೋನ್ ನೋಡುತ್ತಿದ್ದಾಗ ಪಕ್ಕಕ್ಕೆ ವಾಲಿಬಿಟ್ಟರು. ಗೋಡೆ ಹಿಡಿಯಿತು. ಆವತ್ತಿನಿಂದ ಆ ಹೊತ್ತಿಗೆ ಫೋನ್ ಅಡುಗೆಮನೆಯಲ್ಲಿ.

ಏಳನೇ ವಾರ 38, 32. ಆ ಭಾನುವಾರ ಸ್ನಾನ ಮುಗಿಸಿ, ಮೂಲೆಗೆ ನಿಂತು, "ಪಂಚೆ ಕೊಡೋ" ಅಂದರು. ಅಂಚು ಎರಡು ಸಲ ಜಾರಿತು. ನನ್ನ ಕೈ ತಾನಾಗೇ ಮುಂದೆ ಹೋಯಿತು. "ಮುಟ್ಟಬೇಡ." ಮೂರನೇ ಸಲ ಸಿಕ್ಕಿಸಿಕೊಂಡರು. ಬಲಗಡೆ ಒಂದು ಗೇಣು ಜಾಸ್ತಿ ಇಳಿದಿತ್ತು.

"ಇದೂ ಮೋಸದ ತೂಕವೇ ಅಪ್ಪಾ" ಅಂದೆ.

"ಇರ್ಲಿ ಬಿಡು, ಅಂಗಡಿ ನಂದು" ಅಂದರು.