ಗೇಮ್ ಅಲರ್ಟ್ ಇಡುವಾಗ ಶೇಕಡಾ ಬಿಡಿ, ರೂಪಾಯಿ ನೋಡಿ

ಕಂಪ್ಯೂಟರ್ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನ ವಿಶ್‌ಲಿಸ್ಟ್‌ನಲ್ಲಿ (ಬೇಕಾದ ಗೇಮ್‌ಗಳ ಪಟ್ಟಿ) ಹಾಕಿಟ್ಟ ಗೇಮ್‌ಗೆ ಡಿಸ್ಕೌಂಟ್ ಬಿದ್ದರೆ ಮೇಲ್ ಬರುತ್ತದೆ. ಶೇ. 20 ಇಳಿದರೂ ಮೇಲ್, ಶೇ. 75 ಇಳಿದರೂ ಮೇಲ್. ‘600 ರೂಪಾಯಿಗೆ ಬಂದಾಗ ಮಾತ್ರ ಹೇಳು’ ಅನ್ನಲು ಅಲ್ಲಿ ಜಾಗವೇ ಇಲ್ಲ. ಅದಕ್ಕೆ ಬೇಕಾದದ್ದು ಹಲವು ಅಂಗಡಿಗಳ ಗೇಮ್ ಬೆಲೆ ಗಮನಿಸುವ ವೆಬ್‌ಸೈಟ್ ಈಸ್‌ದೇರ್‌ಎನಿಡೀಲ್‌ನ (IsThereAnyDeal) ವೇಟ್‌ಲಿಸ್ಟ್.

ಖಾತೆ ತೆರೆದ ತಕ್ಷಣ ದೇಶವನ್ನು ಭಾರತ ಎಂದು ಬದಲಿಸಿ. ಇಲ್ಲದಿದ್ದರೆ ಡಾಲರ್ ಬೆಲೆ ನೋಡಿಕೊಂಡು ಕೂರುತ್ತೀರಿ. ಅದಕ್ಕೂ ಇಲ್ಲಿನ ಬೆಲೆಗೂ ಎಷ್ಟೋ ಸಲ ತಾಳೆಯೇ ಇರುವುದಿಲ್ಲ. ಆಮೇಲೆ ಸ್ಟೀಮ್ ವಿಶ್‌ಲಿಸ್ಟ್ ಇಂಪೋರ್ಟ್ ಮಾಡಿ. ಪಟ್ಟಿ ಖಾಲಿ ಬಂದರೆ ಸ್ಟೀಮ್ ಪ್ರೈವೆಸಿಯಲ್ಲಿ ‘ಗೇಮ್ ಡೀಟೇಲ್ಸ್’ ಪಬ್ಲಿಕ್ ಆಗಿದೆಯೇ ನೋಡಿ.

ಮಿತಿ ಇಡಲು ಎರಡು ದಾರಿ: ಬೆಲೆ, ಇಲ್ಲವೇ ಶೇಕಡಾ ಕಡಿತ. ಶೇಕಡಾ ಮೋಸ ಮಾಡುತ್ತದೆ. 1,999 ರೂಪಾಯಿಯ ಗೇಮ್ ಶೇ. 50ರಲ್ಲಿ ಸುಮಾರು 1,000 ರೂಪಾಯಿ. ಪಬ್ಲಿಷರ್ ಮೂಲ ಬೆಲೆಯನ್ನೇ 2,999ಕ್ಕೆ ಏರಿಸಿ ಶೇ. 60 ಬಿಟ್ಟರೆ ಸುಮಾರು 1,200. ಕಡಿತ ದೊಡ್ಡದು, ಜೇಬಿಗೆ ಕತ್ತರಿಯೂ ದೊಡ್ಡದು. ಹಾಗಾಗಿ ಈವರೆಗಿನ ಅತಿ ಕಡಿಮೆ ಬೆಲೆ ನೋಡಿ, ಅದಕ್ಕಿಂತ 50–100 ರೂಪಾಯಿ ಮೇಲೆ ಮಿತಿ ಇಡಿ. ಸರಿಯಾಗಿ ಆ ಬೆಲೆಗೇ ಇಟ್ಟರೆ ಹತ್ತು ರೂಪಾಯಿ ವ್ಯತ್ಯಾಸಕ್ಕೆ ಇಡೀ ಸೇಲ್ ಸದ್ದಿಲ್ಲದೆ ದಾಟಿಹೋಗುತ್ತದೆ. ಹೆಚ್ಚುವರಿ ಕಂಟೆಂಟ್ ಇರುವ ಡೀಲಕ್ಸ್ ಎಡಿಷನ್‌ಗೆ ಬೇರೆಯೇ ಅಲರ್ಟ್ ಬೇಕು. ಕೆಲವೊಮ್ಮೆ ಸೇಲ್‌ನಲ್ಲಿ ಅದನ್ನು ಕೊಳ್ಳುವುದೇ ಲಾಭ.

ಬೇರೆ ಅಂಗಡಿಯ ಕೀ (ಗೇಮ್ ಆಕ್ಟಿವೇಟ್ ಮಾಡುವ ಕೋಡ್) ಅಗ್ಗವಾಗಿ ಕಂಡರೆ ಎರಡು ವಿಷಯ ನೋಡಿ: ಅದು ಸ್ಟೀಮ್‌ನಲ್ಲೇ ಆಕ್ಟಿವೇಟ್ ಆಗುತ್ತದೆಯೇ, ಭಾರತದಲ್ಲಿ ನಡೆಯದಂತೆ ರೀಜನ್ ಲಾಕ್ ಇದೆಯೇ. ಹೊರಗೆ ಕೊಂಡ ಕೀಗೆ ಸ್ಟೀಮ್ ರೀಫಂಡ್ ಸಿಗುವುದಿಲ್ಲ. ಸ್ಟೀಮ್‌ನಲ್ಲೇ ಕೊಂಡಿದ್ದರೆ 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ, ವಾಪಸ್ ಕೊಡಬಹುದು. ಕೊಂಡ ಮರುದಿನವೇ ಸೇಲ್ ಶುರುವಾಯಿತೆಂದು ಹಿಂದಿರುಗಿಸಿ ಅದೇ ಗೇಮ್ ಮತ್ತೆ ಕೊಂಡರೆ ಅದು ದುರುಪಯೋಗವಲ್ಲ ಎಂದು ಸ್ಟೀಮ್ ನಿಯಮವೇ ಹೇಳುತ್ತದೆ. ಸಂಕೋಚ ಬೇಡ.

ನಮ್ಮ ಬೆಲೆ ನಾವೇ ಹೇಳುವ ವ್ಯವಸ್ಥೆಯೂ ಸ್ಟೀಮ್‌ನಲ್ಲಿದೆ, ಆದರೆ ಗೇಮ್‌ಗಳಿಗಲ್ಲ: ಆಟಗಾರರೇ ಪರಸ್ಪರ ಕೊಂಡು ಮಾರುವ ಕಮ್ಯುನಿಟಿ ಮಾರ್ಕೆಟ್‌ನ ಸ್ಕಿನ್ (ಗೇಮ್‌ನೊಳಗಿನ ವಸ್ತುಗಳ ಅಲಂಕಾರ), ಟ್ರೇಡಿಂಗ್ ಕಾರ್ಡ್‌ಗಳಿಗೆ (ಸಂಗ್ರಹಿಸುವ ಡಿಜಿಟಲ್ ಕಾರ್ಡ್). ಬೈ ಆರ್ಡರ್ (ಈ ಬೆಲೆಗೆ ಕೊಳ್ಳುತ್ತೇನೆ ಎಂಬ ಆರ್ಡರ್) ಹಾಕಿಟ್ಟರೆ ಆ ಬೆಲೆಗೆ ಮಾರುವವರು ಸಿಕ್ಕ ಕೂಡಲೇ ನಿಮ್ಮ ಸ್ಟೀಮ್ ವಾಲೆಟ್‌ನಿಂದ ಹಣ ಕಟ್ಟಾಗುತ್ತದೆ, ಮತ್ತೊಮ್ಮೆ ಕೇಳುವುದಿಲ್ಲ. ಎಲ್ಲ ಆರ್ಡರ್‌ಗಳ ಒಟ್ಟು ಮೊತ್ತ ವಾಲೆಟ್ ಬ್ಯಾಲೆನ್ಸ್‌ನ 10 ಪಟ್ಟು ಮೀರುವಂತಿಲ್ಲ. ನೀವು ಹೇಳುವ ಬೆಲೆಯಲ್ಲೇ ಮಾರ್ಕೆಟ್ ಫೀ ಸೇರಿರುತ್ತದೆ, ಮಾರುವವರ ಕೈಗೆ ಹೋಗುವುದು ಅದಕ್ಕಿಂತ ಕಡಿಮೆ. ತೀರಾ ಕೆಳಗೆ ಕೇಳಿದರೆ ಆರ್ಡರ್ ಹಾಗೇ ಬಿದ್ದಿರುತ್ತದೆ.