ಕಳ್ಳಗಾಳಿ ಸಿಕ್ಕಿತು: ಐಡ್ಲಿಂಗ್ ನಡುಕದ ಹಿಂದೆ ಬಿದ್ದ ಐದು ರವಿವಾರ

ನವೆಂಬರ್ 23

ಪುಣೆ ಹತ್ತಿರದ ನಿಗಡಿಯಲ್ಲಿ ಚಳಿ ಬಿದ್ದಾಗಿನಿಂದ ನನ್ನ ಕಾರು ಬೆಳಗ್ಗೆ ನಡುಗುತ್ತಿದೆ. ಚಾವಿ ತಿರುವಿದ ಕೂಡಲೇ ಚಾಲೂ ಆಗುತ್ತದೆ, ಅದಕ್ಕೇನೂ ತಕರಾರಿಲ್ಲ. ಆಮೇಲೆ ಐಡ್ಲಿಂಗ್‌ನಲ್ಲಿ, ಅಂದರೆ ರೇಸ್ ಕೊಡದೆ ನಿಂತಲ್ಲೇ ಎಂಜಿನ್ ಓಡುವಾಗ, ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ ಸುತ್ತು) ಮುಳ್ಳು 600ರಿಂದ 900ರ ನಡುವೆ ತೂಗಾಡುತ್ತದೆ, ಸೀಟು ಅದುರುತ್ತದೆ, ಸೈಲೆನ್ಸರ್‌ನಿಂದ ಬಿಟ್ಟು ಬಿಟ್ಟು ಪುಸ್ ಪುಸ್ ಅನ್ನುವ ಸದ್ದು. ರೇಸ್ ಕೊಟ್ಟರೆ ಸುಮ್ಮನಾಗುತ್ತದೆ. ಹಳದಿ ಚೆಕ್ ಎಂಜಿನ್ ದೀಪ ಹತ್ತಿಕೊಂಡೇ ಇದೆ.

2013ರ ಗಾಡಿ, 1.5 ಲೀಟರ್ ಪೆಟ್ರೋಲ್ ಎಂಜಿನ್, ಬಿಎಸ್4 (ಹೊಗೆ ನಿಯಮದ ಹಂತ), ಓಡಿದ್ದು 1,18,000 ಕಿಲೋಮೀಟರ್. ಅಪ್ಪ ತೆಗೆದುಕೊಂಡದ್ದು. ಅವರು ಹೋದ ಮೇಲೆ ವಿಜಯಪುರದಿಂದ ಇಲ್ಲಿಗೆ ನಾನೇ ಓಡಿಸಿಕೊಂಡು ಬಂದೆ. ಮಾರುವ ಮಾತಿಲ್ಲ, ಸರಿ ಮಾಡಲೇಬೇಕು.

ಹೋದ ತಿಂಗಳು ಮನೆ ಹತ್ತಿರದ ಒಂದು ವರ್ಕ್‌ಶಾಪ್‌ಗೆ ಬಿಟ್ಟಿದ್ದೆ. ಸ್ಕ್ಯಾನರ್ ಹಾಕಿದರು, ‘ಲೀನ್’ (ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ) ಅಂತ ಬಂತು, ಆಕ್ಸಿಜನ್ ಸೆನ್ಸರ್ ಬದಲಿಸಿದರು, ಜೊತೆಗೆ ನಾಲ್ಕೂ ಸ್ಪಾರ್ಕ್ ಪ್ಲಗ್. ಬಿಲ್ 7,400 ರೂಪಾಯಿ. ಎಂಟು ದಿನಕ್ಕೆ ದೀಪ ಮತ್ತೆ ಬಂತು. ಆಗಲೇ ನಿರ್ಧರಿಸಿದೆ, ಇನ್ನು ಕಾರಣ ಕಣ್ಣಿಗೆ ಕಾಣುವವರೆಗೆ ಒಂದು ಪಾರ್ಟ್ ಕೂಡ ಕೊಳ್ಳುವುದಿಲ್ಲ.

ಇವತ್ತು ಗಾಡಿಯ ಕಂಪ್ಯೂಟರ್ ಓದುವ ಬ್ಲೂಟೂತ್ ಒಬಿಡಿ ಅಡಾಪ್ಟರ್ ಚುಚ್ಚಿ ಮೊಬೈಲಿನಲ್ಲಿ ನೋಡಿದೆ. ಎರಡು ಕೋಡ್: ಪಿ0171, ಅಂದರೆ ಪೆಟ್ರೋಲಿಗೆ ಹೋಲಿಸಿದರೆ ಗಾಳಿ ಹೆಚ್ಚು. ಪಿ0304, ಅಂದರೆ ನಾಲ್ಕನೇ ಸಿಲಿಂಡರ್ ಮಿಸ್ಸಿಂಗ್, ಅದರಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ.

ನವೆಂಬರ್ 30

ಭೋಸರಿಯಲ್ಲಿ ಮೂವತ್ತು ವರ್ಷದಿಂದ ಗ್ಯಾರೇಜ್ ನಡೆಸುವ ಇಂಡಿ ಕಡೆಯ ಮಿಸ್ತ್ರಿ ಒಬ್ಬರಿದ್ದಾರೆ, ಅಪ್ಪನ ಪರಿಚಯದವರು. ಎಲ್ಲರಿಗೂ ಅವರು ಮಾಮಾ. ಫೋನ್ ಮಾಡಿ ಸೆನ್ಸರ್ ಕಥೆ ಹೇಳಿದೆ. ‘ತಮ್ಮಾ, ಆ ಸೆನ್ಸರ್ ಖರೇನ ಹೇಳಾಕತ್ತೈತಿ. ಎಲ್ಲೋ ಕಳ್ಳಗಾಳಿ ಒಳಗ ಹೊಕ್ಕಾಕತ್ತೈತಿ, ಅದನ್ನ ಹಿಡಿ ಮೊದಲ’ ಅಂದರು.

ಕಳ್ಳಗಾಳಿ! ಇದಕ್ಕಿಂತ ಒಳ್ಳೆಯ ಹೆಸರು ನನಗೆ ಗೊತ್ತಿಲ್ಲ. ಏರ್ ಫಿಲ್ಟರ್ ದಾಟಿ ಬರುವ ಗಾಳಿಯನ್ನು ಮಾಫ್ ಸೆನ್ಸರ್ ಅಳೆಯುತ್ತದೆ, ಆ ಲೆಕ್ಕದ ಮೇಲೆ ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ಪೆಟ್ರೋಲ್ ಬಿಡುತ್ತದೆ. ಶುದ್ಧ ಪೆಟ್ರೋಲ್‌ಗಾದರೆ ತೂಕದಲ್ಲಿ ಒಂದು ಪಾಲು ಪೆಟ್ರೋಲ್, 14.7 ಪಾಲು ಗಾಳಿ. ಮಾಫ್ ದಾಟಿದ ಮೇಲೆ ಎಲ್ಲಾದರೂ ಸೀಳಿದ್ದರೆ ಅಲ್ಲಿಂದ ನುಗ್ಗುವ ಗಾಳಿ ಲೆಕ್ಕಕ್ಕೆ ಸಿಗುವುದಿಲ್ಲ. ಕೊನೆಗೆ ಸೈಲೆನ್ಸರ್ ದಾರಿಯಲ್ಲಿ ಕೂತ ಆಕ್ಸಿಜನ್ ಸೆನ್ಸರ್ ‘ಗಾಳಿ ಜಾಸ್ತಿ ಆಯ್ತು’ ಎಂದು ಕೂಗುತ್ತದೆ. ಇಸಿಯು ಅದನ್ನು ಕೇಳಿ ಪೆಟ್ರೋಲ್ ಹೆಚ್ಚಿಸುತ್ತ ಹೋಗುತ್ತದೆ. ಹಾಗೆ ಹೆಚ್ಚಿಸಿದ್ದು ಶೇಕಡಾ ಎಷ್ಟು ಎನ್ನುವುದೇ ಫ್ಯೂಯೆಲ್ ಟ್ರಿಮ್. ತತ್‌ಕ್ಷಣದ್ದೊಂದು, ದೀರ್ಘ ಕಾಲದ್ದೊಂದು, ಎರಡನ್ನೂ ಕೂಡಿಸಿ ನೋಡಬೇಕು.

ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ನೋಡಿದ್ದು: ಐಡ್ಲಿಂಗ್‌ನಲ್ಲಿ +25. ರೇಸ್ ಹಿಡಿದು 2500 ಆರ್‌ಪಿಎಂನಲ್ಲಿ ನಿಲ್ಲಿಸಿದರೆ +9.

ಈ ಎರಡು ಅಂಕಿ ಮುಂದಿಟ್ಟುಕೊಂಡು ಅರ್ಧ ಗಂಟೆ ಕೂತೆ. ಪೆಟ್ರೋಲ್ ಪಂಪ್ ಸೋತಿದ್ದರೆ ಅಥವಾ ಫಿಲ್ಟರ್ ಕಟ್ಟಿದ್ದರೆ ಆರ್‌ಪಿಎಂ ಏರಿ ಲೋಡ್ ಬಿದ್ದಂತೆ ಟ್ರಿಮ್ ಏರಬೇಕಿತ್ತು. ಇಲ್ಲಿ ಇಳಿದಿದೆ. ಸೀಳಿನಿಂದ ಬರುವ ಗಾಳಿ ಎರಡು ಕಡೆಯೂ ಹೆಚ್ಚುಕಡಿಮೆ ಅಷ್ಟೇ. ಐಡ್ಲಿಂಗ್‌ನಲ್ಲಿ ಎಂಜಿನ್ ಸೇದುವ ಒಟ್ಟು ಗಾಳಿಯೇ ಕಡಿಮೆ, ಹಾಗಾಗಿ ಅಲ್ಲಿ ಅದರ ಪಾಲು ದೊಡ್ಡದು. ಮಾಫ್ ತೋರಿಸಿದ್ದು ಸೆಕೆಂಡಿಗೆ 1.9 ಗ್ರಾಂ. ಇದನ್ನೂ ಬರೆದಿಟ್ಟುಕೊಂಡೆ.

ನಾಲ್ಕನೇ ಸಿಲಿಂಡರ್‌ನ ಕಿಡಿ ಕೊಡುವ ಕಾಯಿಲ್ ಎರಡನೆಯದಕ್ಕೆ ಹಾಕಿದೆ, ಎರಡರದ್ದು ನಾಲ್ಕಕ್ಕೆ. ಪ್ಲಗ್‌ಗಳನ್ನೂ ಹಾಗೇ ಅದಲುಬದಲು ಮಾಡಿದೆ. ಮಿಸ್ಸಿಂಗ್ ನಾಲ್ಕರಲ್ಲೇ ಉಳಿಯಿತು. ಅಂದರೆ ಕಿಡಿಯ ತಪ್ಪಲ್ಲ.

ಡಿಸೆಂಬರ್ 7

ಬಿಸಿ ಎಂಜಿನ್ ಚಾಲೂ ಇಟ್ಟು ಪೈಪುಗಳ ಮೇಲೆ ಕಾರ್ಬ್ ಕ್ಲೀನರ್ ಹೊಡೆದು ಸೀಳು ಹುಡುಕುವುದು ರೂಢಿಯಲ್ಲಿದೆ. ಅದು ಬೆಂಕಿ ಹತ್ತುವ ದ್ರವ, ಕೆಳಗೆ ಕೆಂಪಗೆ ಕಾದ ಎಕ್ಸಾಸ್ಟ್. ಸೊಸೈಟಿಯ ಬೇಸ್‌ಮೆಂಟ್ ಪಾರ್ಕಿಂಗ್‌ನಲ್ಲಿ ಆ ಕೆಲಸ ಬೇಡವೆಂದು ಹೊಗೆಯ ದಾರಿ ಹಿಡಿದೆ: ಒಳಗೆ ಊದಿದ ಹೊಗೆ ಸೀಳಿದ್ದ ಕಡೆ ಹೊರಗೆ ಬರುತ್ತದೆ.

ಜುನಾ ಬಜಾರ್‌ನಲ್ಲಿ ಡೀಸೆಲ್ ಎಂಜಿನ್‌ನ ಹಳೆಯ ಗ್ಲೋ ಪ್ಲಗ್ (ಕರೆಂಟ್ ಕೊಟ್ಟರೆ ಕಾಯುವ ಕಡ್ಡಿ) ಸಿಕ್ಕಿತು. ಬಿಗಿ ಮುಚ್ಚಳದ ತಗಡಿನ ಡಬ್ಬಿ, ತಳದಲ್ಲಿ ಎರಡು ಚಮಚ ಬೇಬಿ ಆಯಿಲ್, ಗ್ಲೋ ಪ್ಲಗ್‌ಗೆ 12 ವೋಲ್ಟ್ ಬ್ಯಾಟರಿ, ಗಾಳಿ ಊದಲು ಮೀನಿನ ತೊಟ್ಟಿಯ ಪಂಪ್. ಎಂಜಿನ್ ಬಂದ್, ತಣ್ಣಗೆ. ಬ್ರೇಕ್ ಬೂಸ್ಟರ್ ಪೈಪ್ ಬಿಚ್ಚಿ, ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡ್‌ನ ಆ ಬಾಯಿಂದ ಹೊಗೆ ಬಿಟ್ಟೆ. ಮಾಫ್ ಮೂಲಕ ಬಿಟ್ಟರೆ ಅದರ ತಂತಿಗೆ ಎಣ್ಣೆ ಹತ್ತುತ್ತದೆ. ಥ್ರಾಟಲ್ ಬಾಯಿಗೆ ರಬ್ಬರ್ ಗ್ಲೌಸ್ ಕಟ್ಟಿದ್ದೆ.

ಮೂರು ನಿಮಿಷ ಏನೂ ಇಲ್ಲ. ಆಮೇಲೆ ಬ್ಯಾಟರಿ (ನಮ್ಮ ಕಡೆ ಟಾರ್ಚಿಗೆ ಹೀಗೇ ಅನ್ನುವುದು) ಬೆಳಕಿನಲ್ಲಿ ವಾಲ್ವ್ ಕವರ್ ಹಿಂದಿನಿಂದ ಊದಿನಕಡ್ಡಿಯ ಎಳೆಯಂಥ ಹೊಗೆ ಎದ್ದಿತು. ಕೈ ಹಾಕಿದರೆ ಪಿಸಿವಿ ಪೈಪಿನ (ಎಂಜಿನ್ ಒಳಗಿನ ಆವಿಯನ್ನು ತಿರುಗಿ ಮ್ಯಾನಿಫೋಲ್ಡ್‌ಗೆ ಒಯ್ಯುವುದು) ಮೊಣಕೈ. ಮೇಲಿನಿಂದ ನೋಡಿದರೆ ಹೊಸದರಂತೆ ಕಪ್ಪಗೆ, ಗಟ್ಟಿ. ಅಡಿಯಲ್ಲಿ ಬೆರಳಿಗೆ ಜಿಡ್ಡು ಹತ್ತಿತು. ಬಿಚ್ಚಿ ತೆಗೆದು ಮಡಿಚಿದಾಗ ಬಾಗಿದ ಕಡೆ ಎರಡು ಸೆಂಟಿಮೀಟರ್ ಸೀಳು ಬಾಯಿ ಬಿಟ್ಟಿತು, ಅಂಚೆಲ್ಲ ಸುಣ್ಣದ ಗಾರೆಯಂತೆ ಒಡಕು ಒಡಕು. ಚಳಿಗೆ ರಬ್ಬರ್ ಬಿರುಸಾಗಿ ಇದು ಇನ್ನಷ್ಟು ತೆರೆದುಕೊಳ್ಳುತ್ತಿತ್ತು ಅನ್ನಿಸುತ್ತದೆ; ಬೆಳಗಿನ ನಡುಕಕ್ಕೆ ಅದೇ ಅರ್ಥ.

ನಾನಾ ಪೇಠದಲ್ಲಿ ಮೊಣಕೈ ಸಿಕ್ಕಿತು, 240 ರೂಪಾಯಿ. ಹಾಕಿ, ಕೋಡ್ ಅಳಿಸಿ, ಎಂಜಿನ್ ಬಿಸಿ ಮಾಡಿ ನೋಡಿದೆ. ಐಡ್ಲಿಂಗ್‌ನಲ್ಲಿ +12, 2500ರಲ್ಲಿ +6. ನಡುಕ ಅರ್ಧ ಇಳಿದಿದೆ. ಆ ಸಂತೋಷದಲ್ಲಿ ಬಾನೆಟ್ ಮುಚ್ಚಿಬಿಟ್ಟೆ.

ಡಿಸೆಂಬರ್ 14

ಮುಚ್ಚಬಾರದಿತ್ತು. ಬುಧವಾರ ಪಿ0304 ಮತ್ತೆ ಬಂತು, ಈ ಸಲ ಒಂದೇ. ಮಾಮಾ ಕೇಳಿದ ಮೊದಲ ಮಾತು: ‘ಪಿಸಿವಿ ಗಾಳಿ ನಾಲ್ಕೂ ಮನಿಗೆ ಹಂಚಿ ಹೋಗ್ತೈತಿ. ನಾಕನೇದ್ದು ಒಂದ ಯಾಕ ಅಳತೈತಿ, ವಿಚಾರ ಮಾಡಿದಿ ಏನು?’

ಮಾಡಿರಲಿಲ್ಲ. ಮೊದಲ ದಿನದಿಂದ ಆ ಕೋಡ್ ಕಣ್ಣ ಮುಂದೆಯೇ ಇತ್ತು. ಒಂದೇ ಸಿಲಿಂಡರ್ ಲೀನ್ ಅಂದರೆ ಸೀಳು ಅದರ ಬಾಗಿಲಲ್ಲೇ ಇರಬೇಕು: ಮ್ಯಾನಿಫೋಲ್ಡ್ ಪ್ಯಾಕಿಂಗ್ ಅಥವಾ ಇಂಜೆಕ್ಟರ್‌ನ ಓ-ರಿಂಗ್. ಪ್ಲಗ್ ಬಿಚ್ಚಿ ಸಾಲಾಗಿ ಇಟ್ಟರೆ ಮೂರು ನಸುಗಂದು, ನಾಲ್ಕನೆಯದು ಬೂದಿ ಬಣ್ಣದ ಬಿಳಿ, ಅದು ಲೀನ್‌ನ ಗುರುತು.

ಡಬ್ಬಿ ಮತ್ತೆ ಹೊತ್ತಿಸಿದೆ. ಈ ಸಲ ಮಾಮಾ ಖುದ್ದು ಬಂದಿದ್ದರು, ಸಣ್ಣ ಕನ್ನಡಿ ಹಿಡಿದು ಮ್ಯಾನಿಫೋಲ್ಡ್ ಅಡಿಗೆ ನೋಡಿದರು. ನಾಲ್ಕನೇ ರನ್ನರ್ (ಆ ಸಿಲಿಂಡರ್‌ಗೆ ಹೋಗುವ ಮ್ಯಾನಿಫೋಲ್ಡ್ ಕೊಳವೆ) ಹೆಡ್ಡಿಗೆ ಕೂಡುವ ಕೆಳ ಅಂಚಿನಲ್ಲಿ ಹೊಗೆ ಸೋರುತ್ತಿತ್ತು. ಅಲ್ಲಿನ ನಟ್ ಪಾನಾ ಹಾಕಿದ ಕೂಡಲೇ ತಿರುಗಿತು. ಕೆಳಗೆ ಮ್ಯಾನಿಫೋಲ್ಡ್‌ಗೆ ಆಸರೆ ಕೊಡುವ ಬ್ರಾಕೆಟ್ಟೇ ಇರಲಿಲ್ಲ! ಎರಡು ವರ್ಷದ ಹಿಂದೆ ಬೇರೊಂದು ಕಡೆ ಸ್ಟಾರ್ಟರ್ ಮೋಟಾರ್ ತೆಗೆಸಿದ್ದೆ. ಅದಕ್ಕೆ ಆ ಬ್ರಾಕೆಟ್ ಬಿಚ್ಚಬೇಕು. ತಿರುಗಿ ಹಾಕಿಲ್ಲ. ಅಷ್ಟು ಭಾರದ ಮ್ಯಾನಿಫೋಲ್ಡ್ ಎರಡು ವರ್ಷ ಜೋತಾಡಿಕೊಂಡು ಅದುರಿದೆ. ನನಗೆ ನಿಜವಾಗಿ ಬೇಸರವಾದದ್ದು ಇಲ್ಲಿ. ಒಂದು ಬ್ರಾಕೆಟ್, ಎರಡು ಬೋಲ್ಟ್, ಹತ್ತು ನಿಮಿಷದ ಕೆಲಸ.

ಹೊಸ ಪ್ಯಾಕಿಂಗ್, ನಾಲ್ಕು ಹೊಸ ಓ-ರಿಂಗ್, ಹಳೆ ಗಾಡಿಯಿಂದ ತೆಗೆದ ಬ್ರಾಕೆಟ್. ಹೆಡ್ಡಿನ ಮೈಯನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದು ಒರೆಸಿದೆ. ಲೋಹದ ಚೂಪು ತಾಗಿಸಿದರೆ ಅಲ್ಯೂಮಿನಿಯಂ ಮೇಲೆ ಗೀರು ಬಿದ್ದು ಅದೇ ಹೊಸ ಸೋರಿಕೆ. ನಟ್‌ಗಳನ್ನು ನಡುವಿನಿಂದ ಹೊರಗೆ, ಎರಡು ಸುತ್ತಿನಲ್ಲಿ, ಮ್ಯಾನ್ಯುಯಲ್ ಹೇಳಿದ 22 ನ್ಯೂಟನ್ ಮೀಟರ್‌ಗೆ ಬಿಗಿದೆ. ಮುಗಿಯುವಾಗ ರಾತ್ರಿ ಎಂಟೂವರೆ.

ಚಾಲೂ ಮಾಡಿದೆ. ಮುಳ್ಳು 750ಕ್ಕೆ ಬಂದು ನಿಂತಿತು. ಡ್ಯಾಶ್‌ಬೋರ್ಡ್ ಮೇಲೆ ಮಾಮಾ ಇಟ್ಟ ಚಹಾದ ಕಪ್ಪಿನಲ್ಲಿ ಅಲೆ ಇಲ್ಲ. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಡಿಸೆಂಬರ್ 21

ವಾರವಿಡೀ ಓಡಿಸಿದ ಮೇಲೆ: ಐಡ್ಲಿಂಗ್‌ನಲ್ಲಿ +4, 2500ರಲ್ಲೂ +4. ಮಾಫ್ 2.3 ಗ್ರಾಂ. ಮೊದಲ ದಿನದ 1.9ಕ್ಕೆ ಶೇ. 25 ಸೇರಿಸಿ, ಈಗಿನ 2.3ಕ್ಕೆ ಶೇ. 4 ಸೇರಿಸಿ, ಎರಡೂ ಸುಮಾರು 2.4. ಎಂಜಿನ್‌ಗೆ ಬೇಕಾದ ಗಾಳಿ ಅಂದೂ ಅಷ್ಟೇ, ಇಂದೂ ಅಷ್ಟೇ. ಈಗ ಹೆಚ್ಚುಕಡಿಮೆ ಎಲ್ಲವೂ ಮುಂಬಾಗಿಲಿನಿಂದ ಬರುತ್ತಿದೆ. ಈ ಲೆಕ್ಕ ಕೂಡಿದಾಗ ಆದ ಖುಷಿ ದೊಡ್ಡದು.

ಉಳಿದ +4 ಎರಡು ಕಡೆಯೂ ಸಮ ಇರುವುದರಿಂದ ಸೀಳಿನದಲ್ಲ. ಬಂಕಿನಲ್ಲಿ ಈಗ ಇ20, ಅಂದರೆ ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲ್. ಎಥನಾಲ್‌ನೊಳಗೇ ಆಮ್ಲಜನಕ ಇರುವುದರಿಂದ ಈ ಮಿಶ್ರಣಕ್ಕೆ ಬೇಕಾದ ಗಾಳಿ ಸುಮಾರು 13.5 ಪಾಲು ಮಾತ್ರ. ಹಳೆಯ ಲೆಕ್ಕದ ಇಸಿಯು ಕೆಲವು ಪರ್ಸೆಂಟ್ ಪೆಟ್ರೋಲ್ ಸೇರಿಸುವುದು ಸಹಜ.

ಮ್ಯಾನಿಫೋಲ್ಡ್ ಒಳಗಿನ ಸೆಳೆತ ಅಳೆಯುವ ವ್ಯಾಕ್ಯೂಮ್ ಗೇಜ್ 18 ಇಂಚು (ಪಾದರಸದ ಲೆಕ್ಕ) ತೋರಿಸುತ್ತಿದೆ, ಮುಳ್ಳು ಅಲುಗುವುದಿಲ್ಲ. ಮೊದಲು 15ರಲ್ಲಿ ಕುಣಿಯುತ್ತಿತ್ತು. ಪುಸ್ತಕಗಳಲ್ಲಿ 17ರಿಂದ 22 ಎಂದಿರುವುದು ಸಮುದ್ರ ಮಟ್ಟಕ್ಕೆ. ಪುಣೆ ಸುಮಾರು 560 ಮೀಟರ್ ಎತ್ತರದಲ್ಲಿದೆ, ಎರಡು ಇಂಚಿನ ಹತ್ತಿರ ಕಳೆದೇ ನೋಡಬೇಕು.

ನಿನ್ನೆ ಪಿಯುಸಿ (ಗಾಡಿಯ ಹೊಗೆ ತಪಾಸಣೆ) ಕೂಡ ಆಯಿತು. ಬಿಎಸ್4 ಪೆಟ್ರೋಲ್ ಗಾಡಿಗೆ ಐಡ್ಲಿಂಗ್‌ನಲ್ಲಿ ಹೈಡ್ರೋಕಾರ್ಬನ್ ಮಿತಿ 200 ಪಿಪಿಎಂ. ನವೆಂಬರ್‌ನಲ್ಲಿ 340 ಬಂದು ಫೇಲ್ ಆಗಿತ್ತು, ಉರಿಯದ ಪೆಟ್ರೋಲ್ ಹಾಗೇ ಹೊರಗೆ ಹೋಗುತ್ತಿತ್ತು. ಈ ಸಲ 58. ಚೀಟಿಯನ್ನು ಅಪ್ಪನ ಹಳೆಯ ಸರ್ವಿಸ್ ಪುಸ್ತಕದಲ್ಲಿ, ಅವರ ಕೈಬರಹದ ಕೊನೆಯ ಪುಟದ ಎದುರಿಗೆ ಅಂಟಿಸಿದ್ದೇನೆ. ಮುಂದಿನ ವಾರ ಸೋಲಾಪುರದ ಮೇಲೆ ವಿಜಯಪುರಕ್ಕೆ. ಅಲ್ಲಿ ತಲುಪಿ ಎಂಜಿನ್ ತಣಿದ ಮೇಲೆ ಮ್ಯಾನಿಫೋಲ್ಡ್ ನಟ್‌ಗಳನ್ನು ಇನ್ನೊಮ್ಮೆ ಪರೀಕ್ಷಿಸಬೇಕು.